ನೋಟಿಫಿಕೇಶನ್ (ಪತ್ತೆಯಾದ ಟಿಬಿ ರೋಗಿಗಳ ನೋಂದಣಿ) ಗುರಿ ದಾಟಿದೆ, ಚಿಕಿತ್ಸೆಯ ಯಶಸ್ಸು 88%. ಹಾಗಂತ ಟಿಬಿ ಯೂನಿಟ್ ಚೆನ್ನಾಗಿ ನಡೀತಿದೆ ಅನ್ನಬಹುದಾ?

'ವಾರ್ಡ್ ಲೆಕ್ಕ' ಅನ್ನೋ ಹೆಸರಿನವರು ಕೇಳಿದ್ದು:

ಬೆಂಗಳೂರಿನ ಒಂದು ಟಿಬಿ ಯೂನಿಟ್‌ನ ವಾರ್ಷಿಕ ಪರಿಶೀಲನೆಗೆ ಟಿಪ್ಪಣಿ ತಯಾರಾಗಬೇಕಿದೆ. ಯೂನಿಟ್ ಯಾವುದು ಅನ್ನೋದು ಇಲ್ಲಿ ಬೇಡ. ಕೆಳಗಿನ ಅಂಕಿಗಳು ಲೆಕ್ಕದ ಅನುಕೂಲಕ್ಕೆ ನಾನೇ ಹಾಕಿಕೊಂಡ ದುಂಡು ಸಂಖ್ಯೆಗಳು, ಸ್ವರೂಪ ಮಾತ್ರ ಎಲ್ಲ ಕಡೆ ಕಾಣುವಂಥದ್ದೇ.

ಕಾಗದದ ಮೇಲಿನ ಜನಸಂಖ್ಯೆ 2.5 ಲಕ್ಷ. ವರ್ಷದ ನೋಟಿಫಿಕೇಶನ್ ಗುರಿ 500, ಆಗಿದ್ದು 530 (ಸರ್ಕಾರಿ 350, ಖಾಸಗಿ 180). ಶಂಕಿತರ ಕಫ ಪರೀಕ್ಷೆ 4,000, ಅದರಲ್ಲಿ ಪಾಸಿಟಿವ್ 210. ಹಿಂದಿನ ವರ್ಷ ಚಿಕಿತ್ಸೆ ಶುರುವಾದವರು 480: ಯಶಸ್ವಿ 422, ಸಾವು 19, ಮಧ್ಯೆ ಬಿಟ್ಟವರು 15, ವಿಫಲ 3, ವರ್ಗವಾದವರು ಮತ್ತು ಫಲಿತಾಂಶ ಗೊತ್ತಿಲ್ಲದವರು 21. ಯುಡಿಎಸ್‌ಟಿ (ಕ್ರಿಮಿ ಔಷಧಿಗೆ ಬಗ್ಗುತ್ತಾ ಅಂತ ಪ್ರತಿ ರೋಗಿಗೂ ಮಾಡಬೇಕಾದ ಪರೀಕ್ಷೆ) 82%.

ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಆದರೆ ಇಷ್ಟರಿಂದಲೇ ಕಾರ್ಯಕ್ರಮ ಚೆನ್ನಾಗಿದೆ ಅಂತ ಬರೆಯೋಕೆ ಕೈ ಬರ್ತಿಲ್ಲ. ಇನ್ನೇನು ನೋಡಬೇಕು? ನಿಕ್ಷಯ್‌ನಲ್ಲಿ (ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆ) ಇರೋ ಅಂಕಿಯನ್ನ ನಿಕ್ಷಯ್‌ನಿಂದಲೇ ತಾಳೆ ನೋಡೋದು ಅರ್ಥವಿಲ್ಲದ ಕೆಲಸ ಅಂತ ಗೊತ್ತು. ಹೊರಗಿನ ಯಾವ ದಾಖಲೆ ಹಿಡೀಬೇಕು ಅನ್ನೋದೇ ಪ್ರಶ್ನೆ.

---

'ಛೇದ ಮೊದಲು' ಅವರ ಉತ್ತರ:

88% ಅನ್ನೋದರ ಛೇದ 480. ಅದು ಚಿಕಿತ್ಸೆ ಶುರುವಾದವರ ಸಂಖ್ಯೆ. ರೋಗ ಪತ್ತೆಯಾಗಿಯೂ ಮಾತ್ರೆ ಶುರುವಾಗದವರು ಆ ಲೆಕ್ಕದಿಂದ ಮೊದಲೇ ಹೊರಗೆ. ನಿಮ್ಮ ಅಂಕಿಗಳನ್ನೇ ಮುಂದುವರಿಸೋಣ. ಹಿಂದಿನ ವರ್ಷ ನೋಟಿಫೈ ಆದವರು 505 ಅಂತಿಟ್ಟುಕೊಳ್ಳಿ, ಆಗ ಯಶಸ್ಸು 422/505, ಅಂದರೆ 83.6%. ಇನ್ನು ಲ್ಯಾಬ್ ರಿಜಿಸ್ಟರ್ ತೆಗೆದು ಪಾಸಿಟಿವ್ ಬಂದ ಪ್ರತಿ ಹೆಸರನ್ನೂ ನಿಕ್ಷಯ್‌ನಲ್ಲಿ ಹುಡುಕಿ. ಅಲ್ಲಿ ಸಿಗದ 12 ಜನ ಇದ್ದರೆ ಛೇದ 517, ಯಶಸ್ಸು 81.6%. ಒಂದೇ ಯೂನಿಟ್, ಒಂದೇ ವರ್ಷ, ಮೂರು ಉತ್ತರ. ನನ್ನ ಪ್ರಕಾರ ಟಿಪ್ಪಣಿಯಲ್ಲಿ ಮೂರನ್ನೂ ಬರೀಬೇಕು. ಮೊದಲನೆಯದು ಔಷಧಿ ಸಿಕ್ಕವರಿಗೆ ಏನಾಯ್ತು ಅಂತ ಹೇಳುತ್ತೆ, ಮೂರನೆಯದು ಕಾರ್ಯಕ್ರಮ ಎಷ್ಟು ಜನರನ್ನ ದಡ ಸೇರಿಸಿತು ಅಂತ ಹೇಳುತ್ತೆ.

ಈ 12 ಜನ ಯಾಕೆ ಕಳೆದುಹೋಗ್ತಾರೆ? ಹೆಚ್ಚಾಗಿ ವಿಳಾಸ. ಲ್ಯಾಬ್ ಫಾರ್ಮಿನಲ್ಲಿ 'ಪೀಣ್ಯ 2ನೇ ಹಂತ' ಅಂತ ಮಾತ್ರ ಇರುತ್ತೆ, ಫೋನ್ ನಂಬರ್ ಗುತ್ತಿಗೆದಾರನದ್ದು ಅಥವಾ ಪಕ್ಕದ ಮನೆಯವರದ್ದು. ಫಲಿತಾಂಶ ಬರೋ ಹೊತ್ತಿಗೆ ಆ ಸೈಟಿನ ಕೆಲಸ ಮುಗಿದು ಕುಟುಂಬ ವೈಟ್‌ಫೀಲ್ಡ್ ಕಡೆಗೋ ಯಾದಗಿರಿಗೋ ಹೋಗಿಬಿಟ್ಟಿರುತ್ತೆ. ದೊಡ್ಡಾಸ್ಪತ್ರೆಗಳಲ್ಲಿ ಇನ್ನೊಂದು ಕಾರಣ ಇದೆ. ಒಳರೋಗಿ ಡಿಸ್ಚಾರ್ಜ್ ಆದ ಮೇಲೆ ವರದಿ ವಾರ್ಡಿಗೆ ಹೋಗುತ್ತೆ, ಟಿಬಿ ಕೌಂಟರ್‌ಗೆ ಬರೋದೇ ಇಲ್ಲ.

ಈಗ 422ರ ಒಳಗೆ ನೋಡಿ. 'ಗುಣಮುಖ' ಎಷ್ಟು, 'ಚಿಕಿತ್ಸೆ ಪೂರ್ಣ' ಎಷ್ಟು? ಗುಣಮುಖ ಅಂತ ಬರೆಯಬೇಕಾದರೆ ಶುರುವಿನಲ್ಲಿ ಲ್ಯಾಬ್‌ನಲ್ಲಿ ಖಚಿತವಾದ ರೋಗಿ ಆಗಿರಬೇಕು, ಕೊನೆಯಲ್ಲಿ ಕಫ ನೆಗೆಟಿವ್ ಬಂದಿರಬೇಕು. ಲ್ಯಾಬ್ ಖಚಿತ ಕೇಸುಗಳು 200ರ ಆಸುಪಾಸು ಇದ್ದು ಗುಣಮುಖ ಬರೀ 70–80 ಇದ್ದರೆ, ಚಿಕಿತ್ಸೆ ಮುಗಿಯೋ ಹೊತ್ತಿಗೆ ಬಹುಪಾಲು ಜನರ ಕಫ ತೆಗೆಸಿಲ್ಲ ಅಂತಲೇ ಅರ್ಥ. ಆರು ತಿಂಗಳಾಯ್ತು, ಕೆಮ್ಮಿಲ್ಲ, ಕಫ ಬರಲ್ಲ, ಬಿಡಿ ಅನ್ನೋದು ಸಾಮಾನ್ಯ. ಒಂದಷ್ಟು ಜನಕ್ಕೆ ನಿಜಕ್ಕೂ ಕಫ ಬರಲ್ಲ, ಒಪ್ಪೋಣ. ಎಲ್ಲರಿಗೂ ಅಲ್ಲ.

ಖಾಸಗಿ ರೋಗಿಗಳಲ್ಲಿ ಯಶಸ್ಸು 97–98% ಅಂತ ಕಂಡರೆ ಅನುಮಾನ ಪಡಿ. ನೋಟಿಫೈ ಮಾಡಿದ್ದಕ್ಕೆ ₹500, ಫಲಿತಾಂಶ ತಿಳಿಸಿದ್ದಕ್ಕೆ ₹500 ಪ್ರೋತ್ಸಾಹಧನ ಇದೆ. 'ಮಾತ್ರೆ ಮುಗೀತಾ?' 'ಹೂಂ ಮುಗೀತು' ಅನ್ನೋ ಒಂದು ಫೋನ್ ಕರೆಯಲ್ಲೇ ಫಲಿತಾಂಶ ದಾಖಲಾಗಿಬಿಡಬಹುದು. 15–20 ಹೆಸರು ಲಾಟರಿ ಎತ್ತಿ ಮನೆಗೆ ಹೋಗಿ, ಔಷಧಿ ಚೀಟಿ ಮತ್ತು ಬಿಲ್ ನೋಡಿದರೆ ಚಿತ್ರ ಗೊತ್ತಾಗುತ್ತೆ.

ಆಮೇಲೆ ಆ 21. ಇದನ್ನ ಛೇದದಿಂದ ತೆಗೆದರೆ 422/459, ಯಶಸ್ಸು 92% ಆಗುತ್ತೆ. ಹಾಗೆ ತೆಗೆದ ಸ್ಲೈಡ್ ಯಾರಾದರೂ ತೋರಿಸಿದರೆ ಅಲ್ಲೇ ನಿಲ್ಲಿಸಿ. ವರ್ಗವಾದ ರೋಗಿಯನ್ನ ಆ ಊರಿನ ಯೂನಿಟ್ ನಿಕ್ಷಯ್‌ನಲ್ಲಿ ಒಪ್ಪಿಕೊಂಡಿದೆಯಾ ಅಂತ ಒಬ್ಬೊಬ್ಬರದ್ದೂ ನೋಡಬೇಕು. ಒಪ್ಪಿಕೊಂಡಿಲ್ಲ ಅಂದರೆ ಆತ ಎಲ್ಲೂ ಇಲ್ಲದವನು.

ಸಾವು 19, ಅಂದರೆ 4%. ಒಟ್ಟು ಶೇಕಡಾವಾರಿಗಿಂತ ಯಾವ ವಾರದಲ್ಲಿ ತೀರಿಕೊಂಡರು ಅನ್ನೋದು ಮುಖ್ಯ. ಮೊದಲ ಎಂಟು ವಾರದಲ್ಲೇ ಬಹುಪಾಲು ಸಾವಾಗಿದ್ದರೆ ರೋಗಿ ತಡವಾಗಿ ಸಿಕ್ಕಿದ್ದಾರೆ, ಅಥವಾ ತೀವ್ರ ಅಪೌಷ್ಟಿಕತೆ, ಉಸಿರಾಟದ ತೊಂದರೆ ಇದ್ದವರನ್ನ ಗುರುತಿಸಿ ದಾಖಲು ಮಾಡಿಲ್ಲ. ತಮಿಳುನಾಡು 2022ರಲ್ಲಿ ಟಿಎನ್-ಕೆಟ್ ಅಂತ ಶುರು ಮಾಡಿದ್ದು ಇದನ್ನೇ: ರೋಗ ಪತ್ತೆಯಾದ ಕೂಡಲೇ ತೂಕ-ಎತ್ತರದ ಅನುಪಾತ, ಆಮ್ಲಜನಕದ ಮಟ್ಟ, ಆಸರೆಯಿಲ್ಲದೆ ನಿಲ್ಲೋಕಾಗುತ್ತಾ ಅನ್ನೋದು ನೋಡಿ, ತೀವ್ರವಾಗಿದ್ದರೆ ಆಸ್ಪತ್ರೆಗೆ ಸೇರಿಸೋದು. ನಿಮ್ಮ ಯೂನಿಟ್‌ನ ಚಿಕಿತ್ಸಾ ಕಾರ್ಡ್‌ಗಳಲ್ಲಿ ಶುರುವಿನ ತೂಕದ ಕಾಲಂ ಎಷ್ಟು ಖಾಲಿ ಇದೆ ಎಣಿಸಿ. ತೂಕವೇ ಇಲ್ಲದಿದ್ದರೆ ಮಾತ್ರೆ ಡೋಸ್ ಯಾವ ಲೆಕ್ಕದಲ್ಲಿ ಕೊಟ್ಟರು ಅನ್ನೋ ಪ್ರಶ್ನೆಯೂ ಅಲ್ಲೇ ಏಳುತ್ತೆ.

---

'ಬಳ್ಳಾರಿ ರೋಡ್' ಅವರ ಉತ್ತರ:

ಮೇಲಿನವರು ರೋಗಿಗಳ ಛೇದ ಹೇಳಿದರು, ನಾನು ಜನಸಂಖ್ಯೆಯ ಛೇದ ಹೇಳ್ತೀನಿ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆ 96 ಲಕ್ಷ. ಆಮೇಲೆ ಗಣತಿಯೇ ಆಗದೆ ಎಲ್ಲರೂ ಅಂದಾಜಿನ ಮೇಲೆ ನಡೆಸಿಕೊಂಡು ಬಂದಿದ್ದಾರೆ. ಆದರೆ ಬೆಳವಣಿಗೆ ಎಲ್ಲ ವಾರ್ಡಿನಲ್ಲೂ ಒಂದೇ ಸಮ ಇಲ್ಲ. ಮಲ್ಲೇಶ್ವರ, ಬಸವನಗುಡಿಗೆ ಹಾಕೋ ದರವನ್ನೇ ಮಹದೇವಪುರಕ್ಕೂ ಬೊಮ್ಮನಹಳ್ಳಿಗೂ ಹಾಕಿದರೆ ಹೊರವಲಯದ ಯೂನಿಟ್‌ಗಳ ಜನಸಂಖ್ಯೆ ಕಮ್ಮಿ ತೋರಿಸುತ್ತೆ. ನಿಮ್ಮ 2.5 ಲಕ್ಷದ ಜಾಗದಲ್ಲಿ ನಿಜಕ್ಕೂ 3.5 ಲಕ್ಷ ಜನ ಇದ್ದರೆ 530 ಕೇಸಿನ ಲೆಕ್ಕದಲ್ಲಿ ಲಕ್ಷಕ್ಕೆ 212 ಅನ್ನೋದು 151ಕ್ಕೆ ಇಳಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೇಶಕ್ಕೆ ಅಂದಾಜಿಸಿದ್ದು ಲಕ್ಷಕ್ಕೆ 195 ಹೊಸ ರೋಗಿಗಳು. ದಾಟಿದ ಗುರಿ ಅಲ್ಲಿಗೆ ಏನಾಯ್ತು ನೋಡಿ.

ಅಂಶದಲ್ಲೂ (ಛೇದದ ಮೇಲಿನ ಸಂಖ್ಯೆ, ಇಲ್ಲಿ 530) ಗೊಂದಲ ಇದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಕೋಲಾರ, ತುಮಕೂರು, ಅನಂತಪುರ, ಹೊಸೂರಿಂದ ಜನ ಬರ್ತಾರೆ. ಮಿದುಳಿನ ಟಿಬಿ ಅಂದರೆ ನಿಮ್ಹಾನ್ಸ್, ಎದೆಯದ್ದಾದರೆ ಪಕ್ಕದ ರಾಜೀವ್ ಗಾಂಧಿ ಎದೆರೋಗ ಸಂಸ್ಥೆ. ಅಂಥ ಆಸ್ಪತ್ರೆ ಇರೋ ಯೂನಿಟ್‌ಗೆ ನೋಟಿಫಿಕೇಶನ್ ಉಬ್ಬುತ್ತೆ, ರೋಗಿಯ ಸ್ವಂತ ತಾಲೂಕಿಗೆ ಕುಗ್ಗುತ್ತೆ. ನಿಕ್ಷಯ್‌ನಿಂದ ಪಟ್ಟಿ ಇಳಿಸುವಾಗ ಪತ್ತೆಯಾದ ಕೇಂದ್ರ ಮತ್ತು ಈಗ ಚಿಕಿತ್ಸೆ ಕೊಡುವ ಕೇಂದ್ರ ಎರಡೂ ಕಾಲಂ ತಗೊಳ್ಳಿ, ಜೊತೆಗೆ ವಾಸದ ವಿಳಾಸ. 530ರಲ್ಲಿ ನಿಮ್ಮ ವಾರ್ಡುಗಳ ನಿವಾಸಿಗಳು ಎಷ್ಟು ಅಂತ ಬೇರ್ಪಡಿಸಿದ ಮೇಲೆಯೇ ಜನಸಂಖ್ಯೆಯಿಂದ ಭಾಗಿಸಿ. ಒಬ್ಬರಿಗೇ ಎರಡು ಐಡಿ ಆಗಿರೋದನ್ನೂ ಆಗಲೇ ತೆಗೀಬಹುದು. ಖಾಸಗಿಯಲ್ಲಿ ಒಮ್ಮೆ, ಸರ್ಕಾರಿಯಲ್ಲಿ ಒಮ್ಮೆ ನೋಂದಣಿ ಆಗೋದು ಮಾಮೂಲು. ಫೋನ್ ನಂಬರಿನಿಂದ ಹುಡುಕಿದರೆ ಅರ್ಧ ಸಿಗುತ್ತೆ. ಹೆಸರಿನಿಂದ ಹುಡುಕಿದರೆ ಮಂಜುನಾಥ, ಮಂಜುನಾಥ್, ಮಂಜು ಅಂತ ಮೂರು ಜನ ಆಗ್ತಾರೆ.

ಇನ್ನೊಂದು. ನೋಟಿಫಿಕೇಶನ್ ಕಮ್ಮಿಯಾದರೆ ರೋಗ ಕಮ್ಮಿಯಾಯ್ತೋ ಹುಡುಕಾಟ ಕಮ್ಮಿಯಾಯ್ತೋ? ಹೆಚ್ಚಾದರೂ ಅದೇ ಪ್ರಶ್ನೆ. ಪರೀಕ್ಷೆ ಎಷ್ಟು ಮಾಡಿದರು ಅನ್ನೋದನ್ನ ಪಕ್ಕದಲ್ಲಿಟ್ಟು ಓದದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಟಿಬಿ ಮುಕ್ತ ಪಂಚಾಯತಿ ಮಾನದಂಡದಲ್ಲಿ ಸಾವಿರಕ್ಕೆ 1 ಅಥವಾ ಅದಕ್ಕಿಂತ ಕಮ್ಮಿ ಕೇಸು ಅಂತ ಇದ್ದರೂ, ಸಾವಿರಕ್ಕೆ ಕನಿಷ್ಠ 30 ಜನರನ್ನ ಪರೀಕ್ಷಿಸಿರಬೇಕು ಅನ್ನೋ ಷರತ್ತು ಜೊತೆಗಿದೆ. ಹುಡುಕದೇ 'ಮುಕ್ತ' ಆಗೋದನ್ನ ತಡೆಯೋಕೆ. ನಿಮ್ಮ 4,000 ಪರೀಕ್ಷೆಯನ್ನ 2.5 ಲಕ್ಷಕ್ಕೆ ಹಾಕಿದರೆ ಸಾವಿರಕ್ಕೆ 16. ಪಂಚಾಯತಿ ಅಳತೆಯ ಸುಮಾರು ಅರ್ಧ. ನಗರಕ್ಕೆ ಆ ಮಾನದಂಡ ನೇರವಾಗಿ ಅನ್ವಯಿಸಲ್ಲ, ಸರಿ. ಆದರೂ ಅಂತರ ದೊಡ್ಡದು.

ಲಕ್ಷಣ ಕೇಳಿ ಪರೀಕ್ಷೆ ಮಾಡಿದರಷ್ಟೇ ಸಾಲದು ಅನ್ನೋದಕ್ಕೆ 2019–21ರ ರಾಷ್ಟ್ರೀಯ ಸಮೀಕ್ಷೆ ಇದೆ. ಎಕ್ಸ್‌ರೇ ಇಲ್ಲದಿದ್ದರೆ 42.6% ಕೇಸುಗಳು ತಪ್ಪಿಹೋಗ್ತಿದ್ದವು. ಲಕ್ಷಣ ಇದ್ದವರಲ್ಲಿ 63.6% ಜನ ವೈದ್ಯರ ಹತ್ತಿರ ಹೋಗಿಯೇ ಇರಲಿಲ್ಲ. ಇನ್ನು ಹೋದವರ ಕಥೆ ಹಳೇದು: ನಮ್ಮ ಊರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನದಲ್ಲಿ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗೇ ಸರ್ಕಾರಿ ಆಸ್ಪತ್ರೆಗೆ ಬಂದಿದ್ದರು, ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ಅದಕ್ಕೇ ಯುಪಿಎಚ್‌ಸಿ (ನಗರ ಪ್ರಾಥಮಿಕ ಆರೋಗ್ಯ ಕೇಂದ್ರ), ನಮ್ಮ ಕ್ಲಿನಿಕ್‌ಗಳ ಹೊರರೋಗಿ ರಿಜಿಸ್ಟರ್ ತೆಗೀರಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಅಂತ ಬರೆದವರಲ್ಲಿ ಎಷ್ಟು ಜನಕ್ಕೆ ಕಫ ಪರೀಕ್ಷೆ ಬರೆದಿದ್ದಾರೆ? ಕ್ಲಿನಿಕ್‌ವಾರು ಇದನ್ನ ಹಾಕಿದರೆ ಯಾವ ಕ್ಲಿನಿಕ್‌ನಿಂದ ಇಡೀ ವರ್ಷ ಒಂದು ಕಫ ಡಬ್ಬಿಯೂ ಬಂದಿಲ್ಲ ಅನ್ನೋದು ಬಯಲಾಗುತ್ತೆ.

---

'ಕಫ ಡಬ್ಬಿ' ಅವರ ಉತ್ತರ:

ಲ್ಯಾಬ್ ಕಡೆಯಿಂದ ಸ್ವಲ್ಪ.

4,000ಕ್ಕೆ 210 ಅಂದರೆ ಪಾಸಿಟಿವಿಟಿ 5.25%. ಇದೊಂದೇ ಸರಾಸರಿ ಏನೂ ಹೇಳಲ್ಲ. ಶಿಬಿರದಲ್ಲಿ ತೆಗೆದ ಮಾದರಿ ಬೇರೆ, ಹೊರರೋಗಿ ವಿಭಾಗದ್ದು ಬೇರೆ ಮಾಡಿ. ಹೊರರೋಗಿಗಳಲ್ಲಿ 9%, ಶಿಬಿರದಲ್ಲಿ 0.5% ಬಂದರೆ ಆಶ್ಚರ್ಯವಿಲ್ಲ. ಶಿಬಿರದಲ್ಲಿ ಸೊನ್ನೆ ಅಂದರೆ ಮಾತ್ರ ಡಬ್ಬಿಯಲ್ಲಿ ಏನಿತ್ತು ಕೇಳಿ. ಗುರಿ ತುಂಬಿಸೋಕೆ ಎಂಜಲು ಕಳಿಸೋದು ಹೊಸದೇನಲ್ಲ. ಮಾದರಿಯ ಸ್ವರೂಪ (ಎಂಜಲು, ಕೀವು-ಲೋಳೆ, ರಕ್ತ ಬೆರೆತದ್ದು) ಬರೆಯೋ ಕಾಲಂ ಇರುತ್ತೆ. ಎಲ್ಲ ಸಾಲಿನಲ್ಲೂ ಒಂದೇ ಅಕ್ಷರ ಇದ್ದರೆ ಯಾರೂ ಡಬ್ಬಿ ಕಣ್ಣೆತ್ತಿ ನೋಡಿಲ್ಲ.

ಸಿಬಿನಾಟ್ (ಕಫದಲ್ಲಿ ಟಿಬಿ ಕ್ರಿಮಿಯ ಜೀನ್ ಹುಡುಕೋ ಯಂತ್ರ) ಇದ್ದರೆ ದೋಷದ ಪ್ರಮಾಣ ತೆಗೀರಿ. ಎರರ್, ಇನ್‌ವ್ಯಾಲಿಡ್, ನೋ ರಿಸಲ್ಟ್ ಎಲ್ಲ ಸೇರಿ 5%ಗಿಂತ ಕೆಳಗಿರಬೇಕು. ಒಟ್ಟು ಯಂತ್ರಕ್ಕಲ್ಲ, ಮಾಡ್ಯೂಲ್‌ವಾರು. ನಾಲ್ಕರಲ್ಲಿ ಒಂದು ಮಾಡ್ಯೂಲ್ ಕೆಟ್ಟಿದ್ದರೂ ಸರಾಸರಿಯಲ್ಲಿ ಮುಚ್ಚಿಹೋಗುತ್ತೆ. 2008 ಅಂತ ಕೋಡ್ ಪದೇ ಪದೇ ಬಂದರೆ ಕಫ ಸರಿಯಾಗಿ ಕರಗದೆ ಒತ್ತಡ ಏರಿದೆ ಅಂತ ಅರ್ಥ. ಒಂದು ಪಾಲು ಕಫಕ್ಕೆ ಎರಡು ಪಾಲು ರೀಏಜೆಂಟ್ ಹಾಕಿ, ಅಲ್ಲಾಡಿಸಿ, 15 ನಿಮಿಷ ಬಿಡಬೇಕು, ನಡುವೆ ಇನ್ನೊಮ್ಮೆ ಅಲ್ಲಾಡಿಸಬೇಕು. ಮಧ್ಯಾಹ್ನ ಮಾದರಿ ರಾಶಿ ಬಿದ್ದಾಗ ಮೊದಲು ಕತ್ತರಿ ಬೀಳೋದು ಈ 15 ನಿಮಿಷಕ್ಕೇ. ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಪರೀಕ್ಷೆಗಳು ನೋ ರಿಸಲ್ಟ್ ಅಂತ ಬರ್ತವೆ, ಯುಪಿಎಸ್ ಬ್ಯಾಟರಿ ಯಾವಾಗ ಬದಲಾಯ್ತು ನೋಡಿ.

ಯುಡಿಎಸ್‌ಟಿ 82% ಬಗ್ಗೆ: ರಿಫಾಂಪಿಸಿನ್ (ಟಿಬಿಯ ಮುಖ್ಯ ಔಷಧಿ) ಪರೀಕ್ಷೆ 'ಮಾಡಿದವರು' ಎಷ್ಟು, 'ಸ್ಪಷ್ಟ ಫಲಿತಾಂಶ ಬಂದವರು' ಎಷ್ಟು? ಟ್ರೂನಾಟ್‌ನಲ್ಲಿ (ಅಂಥದ್ದೇ ಚಿಕ್ಕ ಯಂತ್ರ) ಮೊದಲ ಚಿಪ್ ಪಾಸಿಟಿವ್ ಬಂದರೆ ರಿಫ್ ಚಿಪ್ ಬೇರೆ ಹಾಕಬೇಕು. ಕಫದಲ್ಲಿ ಕ್ರಿಮಿ ಕಮ್ಮಿ ಇದ್ದರೆ ಅದು ಇನ್‌ಡಿಟರ್ಮಿನೇಟ್ (ಅಸ್ಪಷ್ಟ) ಬರುತ್ತೆ. ಮತ್ತೊಂದು ಮಾದರಿ ತರಿಸಬೇಕು, ಎಷ್ಟೋ ಸಲ ತರಿಸಲ್ಲ. ಲೆಕ್ಕದಲ್ಲಿ ಮಾತ್ರ ಪರೀಕ್ಷೆ ಆಗಿದೆ. ಜೊತೆಗೆ ದಿನಾಂಕಗಳನ್ನೂ ನೋಡಿ: ಕಫ ಕೊಟ್ಟ ದಿನ, ಲ್ಯಾಬ್ ತಲುಪಿದ ದಿನ, ಫಲಿತಾಂಶದ ದಿನ, ಮಾತ್ರೆ ಶುರುವಾದ ದಿನ. ಸರಾಸರಿ ಬೇಡ, ಮೀಡಿಯನ್ (ಸಾಲಾಗಿ ಜೋಡಿಸಿದರೆ ನಡುವೆ ಬರೋ ಸಂಖ್ಯೆ) ತೆಗೀರಿ, ಮತ್ತು ಅತಿ ತಡವಾದ ಹತ್ತನ್ನ ಒಂದೊಂದಾಗಿ ಓದಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮಾದರಿ ಸಾಗಿಸೋನು ಒಂದೇ ಟ್ರಿಪ್ ಮಾಡ್ತಾನಾ ಎರಡಾ ಅನ್ನೋದರ ಮೇಲೆ ಒಂದು ಇಡೀ ದಿನ ನಿಂತಿರುತ್ತೆ.

ಸೂಕ್ಷ್ಮದರ್ಶಕ ಇನ್ನೂ ಬಳಸೋ ಕಡೆ, ರ್‍ಯಾಂಡಮ್ ಬ್ಲೈಂಡೆಡ್ ರೀಚೆಕಿಂಗ್ (ಮೊದಲ ಫಲಿತಾಂಶ ಮುಚ್ಚಿಟ್ಟು ಕೆಲವು ಸ್ಲೈಡ್ ಮತ್ತೆ ಓದಿಸೋದು) ವರದಿ ಕೇಳಿ. ಅದರಲ್ಲಿ ವರ್ಷಪೂರ್ತಿ ಸೊನ್ನೆ ತಪ್ಪು ಅಂತ ಇದ್ದರೆ ಸಂತೋಷ ಪಡೋಕೆ ಮುಂಚೆ ಸ್ಲೈಡುಗಳಿಗೆ ನಿಜಕ್ಕೂ ಕೋಡ್ ಹಾಕಿ ಫಲಿತಾಂಶ ಮುಚ್ಚಿಟ್ಟಿದ್ದರಾ ವಿಚಾರಿಸಿ.

---

'ಸ್ಟ್ರಿಪ್ 28' ಅವರ ಉತ್ತರ:

ಹೊರಗಿನ ದಾಖಲೆ ಕೇಳಿದ್ರಲ್ಲ, ಔಷಧಿ ಸ್ಟಾಕ್ ರಿಜಿಸ್ಟರ್‌ಗಿಂತ ಒಳ್ಳೇ ಸಾಕ್ಷಿ ಇಲ್ಲ.

ದಿನನಿತ್ಯದ ಚಿಕಿತ್ಸೆಯಲ್ಲಿ ವಯಸ್ಕರಿಗೆ ತೂಕದ ಪ್ರಕಾರ ಮಾತ್ರೆ: 25–34 ಕೆಜಿಗೆ 2, 35–49ಕ್ಕೆ 3, 50–64ಕ್ಕೆ 4, 65–75ಕ್ಕೆ 5, ಅದಕ್ಕೂ ಮೇಲೆ 6. ಮೊದಲ 56 ದಿನ ನಾಲ್ಕು ಔಷಧಿ ಒಂದೇ ಮಾತ್ರೆಯಲ್ಲಿ ಸೇರಿದ 4ಎಫ್‌ಡಿಸಿ, ಆಮೇಲೆ 112 ದಿನ ಮೂರರ 3ಎಫ್‌ಡಿಸಿ. ಅಂದರೆ 55 ಕೆಜಿಯ ಒಬ್ಬರಿಗೆ 224 ಮತ್ತು 448 ಮಾತ್ರೆ. 28 ಮಾತ್ರೆಯ ಸ್ಟ್ರಿಪ್ ಲೆಕ್ಕದಲ್ಲಿ 8 ಮತ್ತು 16.

ಒಂದು ತ್ರೈಮಾಸಿಕದಲ್ಲಿ ಸರ್ಕಾರಿ ಔಷಧಿ ಶುರು ಮಾಡಿದ 100 ಜನ ತಗೊಳ್ಳಿ: ಮೊದಲ ಗುಂಪಿನಲ್ಲಿ 10, ಎರಡರಲ್ಲಿ 45, ಮೂರರಲ್ಲಿ 35, ನಾಲ್ಕರಲ್ಲಿ 10. ದಿನಕ್ಕೆ 20+135+140+50, ಒಟ್ಟು 345 ಮಾತ್ರೆ. 56 ದಿನಕ್ಕೆ 19,320. ಹಿಂದಿನ ತ್ರೈಮಾಸಿಕದ ಕೊನೆಯಲ್ಲಿ ಶುರುವಾದವರ ಬಾಕಿ ಸೇರಿಸಿ, ಈ ಕೊನೆಯಲ್ಲಿ ಶುರುವಾದವರದ್ದು ಕಳೆದರೆ ಅಂದಾಜು ಸಿಗುತ್ತೆ. ವರ್ಷಕ್ಕೆ ಮಾಡಿದರೆ ಈ ಅಂಚಿನ ತೊಂದರೆ ಕಮ್ಮಿ. ಸ್ಟಾಕ್ ಪುಸ್ತಕದಲ್ಲಿ ಖರ್ಚಾಗಿರೋದು 15,000 ಅಂತ ಇದ್ದರೆ ನಾಲ್ಕು ಸಾವಿರ ಮಾತ್ರೆ ಯಾರೂ ನುಂಗಿಲ್ಲ. ರೋಗಿಗಳು ಬಿಟ್ಟಿದ್ದಾರೆ, ಅಥವಾ ಹೊರಗಿನ ಅಂಗಡಿಯಿಂದ ತಗೊಂಡಿದ್ದಾರೆ, ಅಥವಾ ಆ ಹೆಸರುಗಳು ಬರೀ ಹೆಸರುಗಳು. ಖರ್ಚು ಲೆಕ್ಕಕ್ಕಿಂತ ಜಾಸ್ತಿ ಇದ್ದರೆ ನೋಟಿಫೈ ಆಗದ ರೋಗಿಗಳಿಗೆ ಮಾತ್ರೆ ಹೋಗ್ತಿದೆ, ಇಲ್ಲವೇ ಅವಧಿ ಮೀರಿದ್ದನ್ನ ವಿತರಣೆ ಅಂತ ಬರೆದಿದ್ದಾರೆ. 10% ಆಚೀಚೆ ಬಿಟ್ಟುಬಿಡಿ. ಅದಕ್ಕಿಂತ ಹೆಚ್ಚಾದರೆ ಕೆದಕಿ.

ಕೆದಕೋ ಮುಂಚೆ ಪೂರೈಕೆಯ ಇತಿಹಾಸ ನೋಡಿ. 2024ರ ಮಾರ್ಚ್‌ನಲ್ಲಿ ಕೊರತೆ ಬಿದ್ದು ಕೇಂದ್ರವೇ ರಾಜ್ಯಗಳಿಗೆ ಸ್ಥಳೀಯವಾಗಿ ಖರೀದಿಸಿ ಅಂದಿತ್ತು. ಅಂಥ ತಿಂಗಳುಗಳಲ್ಲಿ ಬಿಡಿ ಮಾತ್ರೆ ಕೊಟ್ಟಿದ್ದರೆ ಎಫ್‌ಡಿಸಿ ಲೆಕ್ಕ ತಾಳೆ ಆಗಲ್ಲ. ಆ ತಪ್ಪನ್ನ ಎಸ್‌ಟಿಎಸ್ (ಯೂನಿಟ್‌ನ ಚಿಕಿತ್ಸಾ ಮೇಲ್ವಿಚಾರಕ) ತಲೆಗೆ ಕಟ್ಟಬಾರದು.

ಖಾಸಗಿ ಕಡೆಗೆ ಶೆಡ್ಯೂಲ್ ಎಚ್1 ರಿಜಿಸ್ಟರ್. ರಿಫಾಂಪಿಸಿನ್ ಇರೋ ಔಷಧಿ ಮಾರಿದಾಗ ರೋಗಿಯ ಹೆಸರು, ವೈದ್ಯರ ಹೆಸರು ಅಂಗಡಿಯವರು ಬರೀಬೇಕು. ನಾಲ್ಕೈದು ದೊಡ್ಡ ಮೆಡಿಕಲ್ ಸ್ಟೋರ್‌ಗಳ ಪುಸ್ತಕ ಸಾಕು, ಯಾವ ಕ್ಲಿನಿಕ್ ಟಿಬಿ ಔಷಧಿ ಬರೀತಿದೆ, ನೋಟಿಫೈ ಮಾತ್ರ ಮಾಡ್ತಿಲ್ಲ ಅಂತ ಗೊತ್ತಾಗೋಕೆ.

---

ವಾರ್ಡ್ ಲೆಕ್ಕ:

ಎಲ್ಲರಿಗೂ ಧನ್ಯವಾದ. ಎರಡು ಮರುಪ್ರಶ್ನೆ. ಟಿಪ್ಪಣಿಯಲ್ಲಿ 'ರೋಗದ ಪ್ರಮಾಣ ಇಳಿದಿದೆ' ಅಂತ ಒಂದು ಸಾಲು ಬೇಕು ಅಂತಿದ್ದಾರೆ, ಬರೀಬಹುದಾ? ಮತ್ತೆ, ಇಷ್ಟೆಲ್ಲ ನೋಡೋಕೆ ಇಬ್ಬರು, ಎರಡು ದಿನ ಮಾತ್ರ ಇದೆ. ಎಲ್ಲಿಂದ ಶುರು?

---

ಬಳ್ಳಾರಿ ರೋಡ್:

ಮೊದಲನೆಯದಕ್ಕೆ: ಬರೀಬೇಡಿ. ಎರಡೂವರೆ ಲಕ್ಷ ಜನರ ಯೂನಿಟ್‌ನಲ್ಲಿ ಒಂದು ವರ್ಷದ ಏರಿಳಿತದಿಂದ ಅದು ಗೊತ್ತಾಗಲ್ಲ. 2015ಕ್ಕೆ ಹೋಲಿಸಿ 20% ಇಳಿಕೆಗೆ ಕಂಚು, 40%ಗೆ ಬೆಳ್ಳಿ, 60%ಗೆ ಚಿನ್ನ ಅಂತ ಜಿಲ್ಲೆಗಳಿಗೆ ಪ್ರಮಾಣಪತ್ರ ಕೊಡೋವಾಗಲೂ ಬರೀ ನೋಟಿಫಿಕೇಶನ್ ನಂಬಲ್ಲ. ಮನೆಮನೆ ಸಮೀಕ್ಷೆ, ಔಷಧಿ ಮಾರಾಟ, ವರದಿಯಾಗದ ಕೇಸುಗಳ ಅಂದಾಜು ಎಲ್ಲ ಸೇರಿಸ್ತಾರೆ. ದೇಶದ ಮಟ್ಟದಲ್ಲೇ 2015ರ 237ರಿಂದ 2023ರ 195ಕ್ಕೆ ಇಳಿಯೋಕೆ ಎಂಟು ವರ್ಷ ಬೇಕಾಯ್ತು. ಸಾಲು ಬೇಕೇ ಬೇಕು ಅಂದರೆ ಸೂಚನೆಗಳನ್ನ ಬರೀರಿ: ಪರೀಕ್ಷೆ ಹೆಚ್ಚುತ್ತಾ ಪಾಸಿಟಿವಿಟಿ ಇಳೀತಿದೆಯಾ, ರೋಗಿಗಳಲ್ಲಿ ಮಕ್ಕಳ ಪಾಲು ಕಮ್ಮಿಯಾಗ್ತಿದೆಯಾ, ಸರಾಸರಿ ವಯಸ್ಸು ಮೇಲಕ್ಕೆ ಹೋಗ್ತಿದೆಯಾ. ಐದು ವರ್ಷ ಒಂದೇ ದಿಕ್ಕಿಗೆ ಹೋದರೆ ಅದಕ್ಕೆ ತೂಕ ಇದೆ. ಕೋವಿಡ್‌ನ 2020, 2021 ಮಾತ್ರ ಆ ಸಾಲಿನಲ್ಲಿ ಬೇರೆಯಾಗಿ ಗುರುತು ಮಾಡಿ.

---

ಛೇದ ಮೊದಲು:

ಎರಡು ದಿನ ಅಂದರೆ, ಮೊದಲ ಬೆಳಿಗ್ಗೆ ಲ್ಯಾಬ್ ರಿಜಿಸ್ಟರ್. ಯಾವುದಾದರೂ ಎರಡು ತಿಂಗಳ ಪಾಸಿಟಿವ್‌ಗಳು, 35ರ ಆಸುಪಾಸು ಹೆಸರು ಬರುತ್ತೆ. ಒಬ್ಬರು ಓದಬೇಕು, ಇನ್ನೊಬ್ಬರು ನಿಕ್ಷಯ್‌ನಲ್ಲಿ ಹುಡುಕಬೇಕು. ಡಿಸೆಂಬರ್, ಮಾರ್ಚ್ ತಗೋಬೇಡಿ, ಗುರಿ ಮುಗಿಸೋ ತಿಂಗಳುಗಳು ಅವು. ಮಧ್ಯಾಹ್ನ ಸ್ಟಾಕ್ ಲೆಕ್ಕ. ಎರಡನೇ ದಿನ ಪೂರ್ತಿ ಮನೆ ಭೇಟಿ, 'ಯಶಸ್ವಿ' ಅಂತ ಇರೋರಲ್ಲಿ 12, ಮಧ್ಯೆ ಬಿಟ್ಟವರಲ್ಲಿ 4, ತೀರಿಕೊಂಡವರ ಮನೆ 2. ಪಟ್ಟಿಯನ್ನ ಹಿಂದಿನ ದಿನ ಯಾರಿಗೂ ಕೊಡಬೇಡಿ, ಆಶಾ ಕಾರ್ಯಕರ್ತೆಗೆ ಬೆಳಿಗ್ಗೆ ಹೇಳಿದರೆ ಸಾಕು. ರೋಗಿಗಳ ಹೆಸರಿರೋ ಹಾಳೆಯನ್ನ ಓಣಿಯಲ್ಲಿ ಬಿಚ್ಚಿ ಓದಬೇಡಿ, ಮನೆ ಮಾಲೀಕನ ಕಿವಿಗೆ ಬಿದ್ದರೆ ಬಾಡಿಗೆ ಮನೆ ಖಾಲಿ ಮಾಡಿಸ್ತಾರೆ.

ಮನೆಯಲ್ಲಿ ಕೇಳಬೇಕಾದ್ದು ಕಮ್ಮಿ. ಎಷ್ಟು ತಿಂಗಳು ಮಾತ್ರೆ ತಗೊಂಡ್ರಿ, ಕೊನೆಯಲ್ಲಿ ಕಫ ಕೊಟ್ಟ್ರಾ, ಈಗ ತೂಕ ಎಷ್ಟು, ಪೋಷಣೆಯ ದುಡ್ಡು ಬ್ಯಾಂಕಿಗೆ ಬಂತಾ. 2018ರಿಂದ ತಿಂಗಳಿಗೆ ₹500 ಇತ್ತು, 2024ರ ನವೆಂಬರ್‌ನಿಂದ ₹1,000. 'ಪಾವತಿ ಆಗಿದೆ' ಅನ್ನೋ ಕಾಲಂ ಹಸಿರಿದ್ದರೂ ಪಾಸ್‌ಬುಕ್ ನೋಡಿ. ಎಷ್ಟು ಕಂತು ಬಂತು, ಚಿಕಿತ್ಸೆ ನಡೀತಿದ್ದಾಗ ಬಂತಾ ಮುಗಿದ ಮೇಲಾ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಹಾಗೇ ಮನೆಯಲ್ಲಿ ಎಷ್ಟು ಜನ ಅಂತ ಎಣಿಸಿ, ಅವರಲ್ಲಿ ಎಷ್ಟು ಜನಕ್ಕೆ ಎಕ್ಸ್‌ರೇ ಆಯ್ತು, ತಡೆಗಟ್ಟೋ ಮಾತ್ರೆ ಯಾರು ಮುಗಿಸಿದ್ರು ಬರ್ಕೊಳ್ಳಿ. ವಾರಕ್ಕೊಮ್ಮೆ ತಗೊಳ್ಳೋ 3ಎಚ್‌ಪಿ ಆದರೆ 12 ಡೋಸ್. ಖಾಲಿ ಸ್ಟ್ರಿಪ್ ಎಷ್ಟೋ ಮನೆಯಲ್ಲಿ ಫ್ರಿಜ್ ಮೇಲೆ ಇನ್ನೂ ಇರುತ್ತೆ, ತೋರಿಸಿ ಅನ್ನಿ. ಅರ್ಧ ತುಂಬಿರೋ ಸ್ಟ್ರಿಪ್ ಸಿಕ್ಕರೆ ಅದರ ಬ್ಯಾಚ್ ನಂಬರ್ ಬರೆದುಕೊಂಡು ಬಂದು ವಿತರಣೆ ದಿನಾಂಕದ ಜೊತೆ ಹೋಲಿಸಿ.